ಶಾಂತಿಯ ಬೀಡನ್ನು ಕಟ್ಟಿದ ಫಾದರ್ ಬ್ರೂನೊ ಹುಸ್ಸಾರ್



ಮಹನೀಯರ ಜೀವನಚರಿತ್ರೆ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವವರು ಯುದ್ಧ ಗೆದ್ದವರು, ರಾಜ್ಯ ಕಟ್ಟಿದವರು, ಇಲ್ಲವೇ ಹೊಸ ಯಂತ್ರವೊಂದನ್ನು ಕಂಡುಹಿಡಿದವರು. ಈ ಸಲ ನಾವು ನಿಮಗೆ ಪರಿಚಯಿಸಲು ಹೊರಟಿರುವ ಮಹನೀಯರು ಇವುಗಳಲ್ಲಿ ಯಾವುದನ್ನೂ ಮಾಡಿದವರಲ್ಲ. ನೀರಿಲ್ಲದ, ನೆರಳಿಲ್ಲದ ಬೋಳುಗುಡ್ಡೆಯೊಂದರ ಮೇಲೆ ಒಂದು ಪುಟ್ಟ ಹಳ್ಳಿ ಏಳಲು ಅವರು ಕಾರಣರಾದರು. ಆ ಹಳ್ಳಿಯಲ್ಲಿ ಒಂದು ಶಾಲೆ ಹುಟ್ಟಿತು. ಆ ಶಾಲೆಯಲ್ಲಿ ಯೆಹೂದ್ಯರ ಮಕ್ಕಳೂ ಅರಬರ ಮಕ್ಕಳೂ ಒಂದೇ ಬೆಂಚಿನ ಮೇಲೆ ಕುಳಿತು ಎರಡು ಭಾಷೆಗಳಲ್ಲಿ ಪಾಠ ಕಲಿಯತೊಡಗಿದರು. ಇಷ್ಟೇ ಅವರ ಸಾಧನೆ. ಆದರೆ ಈ ‘ಇಷ್ಟೇ’ ಎಂಬುದರ ಹಿಂದೆ ಎಷ್ಟು ವರ್ಷಗಳ ಒಂಟಿತನ, ಎಷ್ಟು ಮಂದಿಯ ಸಂಶಯ, ಎಷ್ಟು ಸೋಲುಗಳು ಇದ್ದುವೆಂಬುದನ್ನು ತಿಳಿದಾಗ, ಇವರ ಚರಿತ್ರೆಯೂ ನಮ್ಮ ಸಂಚಿಕೆಯಲ್ಲಿ ಬರಬೇಕಾದದ್ದೇ ಎಂದು ನಮಗೆ ತೋರಿತು.

ಬ್ರೂನೊ ಹುಸ್ಸಾರ್ ಅವರು 1911ರ ಮೇ ತಿಂಗಳಲ್ಲಿ ಈಜಿಪ್ಟಿನ ಕೈರೋ ನಗರದಲ್ಲಿ ಜನಿಸಿದರು. ತಂದೆತಾಯಿ ಇಟ್ಟ ಹೆಸರು ಆಂದ್ರೆ. ತಂದೆ ಹಂಗೆರಿ ದೇಶದ ಯೆಹೂದ್ಯರು, ತಾಯಿ ಫ್ರಾನ್ಸಿನ ಯೆಹೂದ್ಯರು. ಮನೆಯಲ್ಲಿ ಮತಾಚರಣೆ ಹೆಚ್ಚೇನೂ ಇರಲಿಲ್ಲ. ಬಾಲಕನನ್ನು ಸೇರಿಸಿದ್ದು ಕೈರೋದ ಇಟಾಲಿಯನ್ ಶಾಲೆಗೆ. ಮನೆಯಿಂದ ಹೊರಗೆ ಕಾಲಿಟ್ಟರೆ ಬೀದಿಯ ತುಂಬ ಅರಬ್ಬೀ ಮಾತು. ಆ ಕಾಲದ ಕೈರೋ ಪಟ್ಟಣವೇ ಹಾಗಿತ್ತು. ಗ್ರೀಕರು, ಇಟಲಿಯವರು, ಆರ್ಮೇನಿಯನರು, ಯೆಹೂದ್ಯರು, ಕಾಪ್ಟ್ ಕ್ರೈಸ್ತರು, ಮುಸಲ್ಮಾನರು ಎಲ್ಲರೂ ಅಲ್ಲಿ ಅಂಗಡಿ ಇಟ್ಟಿದ್ದರು, ನೆರೆಹೊರೆಯಲ್ಲಿ ವಾಸವಾಗಿದ್ದರು. ಮನೆಗೊಂದು ಭಾಷೆ, ಶಾಲೆಗೊಂದು ಭಾಷೆ, ಪೇಟೆಗೊಂದು ಭಾಷೆ ಎಂದರೆ ಹೇಗಿರುತ್ತದೆಂದು ಗಡಿನಾಡಿನ ಮಕ್ಕಳಾದ ನಿಮಗೆ ನಾವು ವಿವರಿಸಬೇಕಾಗಿಲ್ಲ. ತಾವು ಯೆಹೂದ್ಯರು, ಕ್ರೈಸ್ತ ಪಾದ್ರಿ, ಇಸ್ರೇಲಿನ ಪ್ರಜೆ, ಜೊತೆಗೆ ಈಜಿಪ್ಟಿನ ಮಣ್ಣಿನಲ್ಲಿ ಹುಟ್ಟಿ ಬೆಳೆದುದರಿಂದ ಅರಬರಿಗೂ ಹತ್ತಿರದವರು ಎಂದು ಮುಂದೆ ಅವರು ತಮ್ಮನ್ನು ಪರಿಚಯಿಸಿಕೊಳ್ಳುತ್ತಿದ್ದರು. ಈ ನಾಲ್ಕರಲ್ಲಿ ಒಂದನ್ನು ಇಟ್ಟುಕೊಂಡು ಮೂರನ್ನು ಬಿಡುವ ಮನಸ್ಸು ಅವರಿಗೆ ಎಂದೂ ಬರಲಿಲ್ಲ.

ಯೌವನದಲ್ಲಿ ಅವರು ಫ್ರಾನ್ಸಿಗೆ ಹೋದರು. ಪ್ಯಾರಿಸಿನಲ್ಲಿ ಇಂಜಿನಿಯರಿಂಗ್ ವ್ಯಾಸಂಗ ಮಾಡಿ ಇಂಜಿನಿಯರರಾದರು. ಅಲ್ಲಿಯೇ ಕ್ರಿಸ್ತನ ಕಡೆಗೆ ಅವರ ಮನಸ್ಸು ತಿರುಗಿತು. 1935ರಲ್ಲಿ ಕಥೋಲಿಕ ಸಭೆಯಲ್ಲಿ ದೀಕ್ಷಾಸ್ನಾನ ಪಡೆದರು. ಅಲ್ಲಿಗೆ ತಾವು ಹುಟ್ಟಿದ ಜನಾಂಗದ ನಂಟು ಕಳಚಿತೆಂದು ಅವರು ಬಗೆದಿದ್ದರೋ ಏನೋ, ಕಾಲ ಹಾಗೆ ಬಗೆಯಲಿಲ್ಲ. 1940ರಲ್ಲಿ ಜರ್ಮನಿಯ ಸೈನ್ಯ ಫ್ರಾನ್ಸನ್ನು ಸೋಲಿಸಿತು. ವಿಶಿ ನಗರದಲ್ಲಿ ನೆಲೆಸಿದ ಹೊಸ ಸರಕಾರ ಅದೇ ವರ್ಷ ಅಕ್ಟೋಬರಿನಲ್ಲಿ ಯೆಹೂದ್ಯರ ವಿರುದ್ಧ ಕಾನೂನು ಮಾಡಿತು. ಆ ಕಾನೂನಿಗೆ ಬೇಕಾದದ್ದು ಅಜ್ಜ ಅಜ್ಜಿಯರ ಕುಲ. ಕ್ರೈಸ್ತನಾದರೂ ಅಷ್ಟೇ, ದೇವರನ್ನೇ ನಂಬದವನಾದರೂ ಅಷ್ಟೇ. 1942ರ ಜುಲೈಯಲ್ಲಿ ಪ್ಯಾರಿಸ್ ಒಂದರಲ್ಲಿಯೇ ಎರಡು ದಿನಗಳಲ್ಲಿ ಸುಮಾರು 13,000 ಯೆಹೂದ್ಯರನ್ನು ಪೊಲೀಸರು ಹಿಡಿದೊಯ್ದರು; ಅವರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಮಕ್ಕಳು. ಯುದ್ಧ ಮುಗಿಯುವುದರೊಳಗೆ ಫ್ರಾನ್ಸಿನಿಂದ 75,000ಕ್ಕಿಂತ ಹೆಚ್ಚು ಯೆಹೂದ್ಯರನ್ನು ರೈಲಿನಲ್ಲಿ ತುಂಬಿ ಮೃತ್ಯುಶಿಬಿರಗಳಿಗೆ ಕಳುಹಿಸಲಾಗಿತ್ತು. ಹಿಂತಿರುಗಿ ಬಂದವರು ಬೆರಳೆಣಿಕೆಯ ಸಾವಿರಗಳು. ಹುಸ್ಸಾರರು ಬದುಕಿ ಉಳಿದರು. ಆದರೆ ತಾವು ಯೆಹೂದ್ಯರೆಂಬ ಅರಿವು ಅವರಲ್ಲಿ ಗಟ್ಟಿಯಾದದ್ದು ಆ ಭೀತಿಯ ದಿನಗಳಲ್ಲಿಯೇ. ಶಿಲುಬೆಯ ಹೆಸರಿನಲ್ಲಿ ಶತಮಾನಗಳ ಕಾಲ ಯೆಹೂದ್ಯರ ಮೇಲೆ ನಡೆದ ದ್ವೇಷಪ್ರಚಾರಕ್ಕೂ ಈ ಶಿಬಿರಗಳಿಗೂ ಸಂಬಂಧವಿದೆಯೆಂಬುದು ಕ್ರೈಸ್ತರಾದ ಅವರನ್ನು ಕೊನೆಯವರೆಗೂ ಕಾಡಿತು.

ಯುದ್ಧ ಮುಗಿದ ಮೇಲೆ ಅವರು ದೊಮಿನಿಕನ್ ಸನ್ಯಾಸಿಗಳ ಸಭೆಯನ್ನು ಸೇರಿದರು. ಬ್ರೂನೊ ಎಂಬುದು ಅಲ್ಲಿ ದೊರೆತ ಹೆಸರು. 1950ರಲ್ಲಿ ಗುರುದೀಕ್ಷೆಯಾಯಿತು. ದೊಮಿನಿಕನರು ಅಧ್ಯಯನಕ್ಕೆ ಹೆಸರಾದವರು. ಯೆಹೂದ್ಯ ಧರ್ಮದ ಅಧ್ಯಯನಕ್ಕಾಗಿ ಒಂದು ಕೇಂದ್ರವನ್ನು ತೆರೆಯುವ ಉದ್ದೇಶದಿಂದ ಸಭೆಯ ಹಿರಿಯರು 1953ರಲ್ಲಿ ಅವರನ್ನು ಇಸ್ರೇಲಿಗೆ ಕಳುಹಿಸಿದರು.

ಅವರು ಕಾಲಿಟ್ಟ ನಾಡು ಎಂತಹುದು? 1948ರಲ್ಲಿ ಇಸ್ರೇಲ್ ರಾಷ್ಟ್ರ ಸ್ಥಾಪನೆಯಾದಾಗ ನಡೆದ ಯುದ್ಧದಲ್ಲಿ ಸುಮಾರು ಏಳು ಲಕ್ಷ ಪ್ಯಾಲೆಸ್ಟೈನಿನ ಅರಬರು ಮನೆಮಠಗಳನ್ನು ಕಳೆದುಕೊಂಡು ನಿರಾಶ್ರಿತರಾಗಿದ್ದರು. ಯೆಹೂದ್ಯರು ಆ ವರ್ಷವನ್ನು ಸ್ವಾತಂತ್ರ್ಯದ ವರ್ಷವೆಂದು ಕೊಂಡಾಡಿದರೆ, ಅರಬರು ಅದನ್ನು ನಕ್ಬಾ, ಅಂದರೆ ಮಹಾವಿಪತ್ತು ಎಂದು ಕರೆಯುತ್ತಾರೆ. ಹೊಸ ರಾಷ್ಟ್ರದ ಗಡಿಯೊಳಗೆ ಸುಮಾರು ಒಂದೂವರೆ ಲಕ್ಷ ಅರಬರು ಉಳಿದರು. ಅವರಿಗೆ ಮತದಾನದ ಹಕ್ಕು ಸಿಕ್ಕಿತು. ಆದರೆ 1966ರವರೆಗೆ ಅವರ ಊರುಗಳ ಮೇಲೆ ಮಿಲಿಟರಿ ಆಡಳಿತವಿತ್ತು. ಒಂದೂರಿನಿಂದ ಇನ್ನೊಂದೂರಿಗೆ ಹೋಗಬೇಕಾದರೆ ಪರವಾನಗಿ ಚೀಟಿ ಬೇಕಾಗಿತ್ತು. ಇನ್ನೊಂದು ಕಡೆ, ಯೂರೋಪಿನ ಶಿಬಿರಗಳಿಂದ ಬದುಕಿ ಬಂದ ಯೆಹೂದ್ಯರೂ, ಇರಾಕ್, ಯೆಮನ್, ಮೊರಾಕೊ ಮೊದಲಾದ ದೇಶಗಳಿಂದ ಬೇರು ಕಿತ್ತು ಬಂದ ಯೆಹೂದ್ಯರೂ ಡೇರೆಗಳಲ್ಲಿ ವಾಸವಾಗಿದ್ದರು. ಎರಡೂ ಕಡೆ ಗಾಯಗೊಂಡವರೇ.

ಇಂತಹ ನಾಡಿನಲ್ಲಿ ಫಾದರ್ ಬ್ರೂನೊ ಅವರನ್ನು ಯಾರೂ ತಮ್ಮವರೆಂದು ಅಪ್ಪಿಕೊಳ್ಳಲು ಸಿದ್ಧರಿರಲಿಲ್ಲ. ಯೆಹೂದ್ಯರ ಕಣ್ಣಿಗೆ ಅವರು ಹುಟ್ಟಿದ ಮತವನ್ನು ಬಿಟ್ಟು ಹೋದವರು, ಮತಾಂತರ ಮಾಡಿಸಲು ಬಂದವರೋ ಏನೋ ಎಂಬ ಸಂಶಯಕ್ಕೆ ಗುರಿಯಾದ ಪಾದ್ರಿ. ಅರಬ್ ಕ್ರೈಸ್ತರ ಕಣ್ಣಿಗೆ ಯೆಹೂದ್ಯ ಕುಲದವರು, ಇಸ್ರೇಲಿನ ಅಭಿಮಾನಿ. ಯೆಹೂದ್ಯನಾಗಿ ಹುಟ್ಟಿ ಕ್ರೈಸ್ತ ಸನ್ಯಾಸಿಯಾದ ಮತ್ತೊಬ್ಬರು ತಮ್ಮನ್ನೂ ಯೆಹೂದ್ಯನೆಂದೇ ಪರಿಗಣಿಸಿ ಪೌರತ್ವ ಕೊಡಬೇಕೆಂದು ಕೋರ್ಟಿನ ಮೆಟ್ಟಿಲು ಹತ್ತಿದಾಗ, ಮತ ಬದಲಿಸಿದವನಿಗೆ ಆ ಹಕ್ಕಿಲ್ಲವೆಂದು 1962ರಲ್ಲಿ ಇಸ್ರೇಲಿನ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತ್ತು. ಫಾದರ್ ಬ್ರೂನೊ ಅವರಿಗೆ ಇಸ್ರೇಲಿನ ಪೌರತ್ವ ದೊರೆತದ್ದು 1966ರಲ್ಲಿ, ಬಂದು ಹದಿಮೂರು ವರ್ಷಗಳಾದ ಮೇಲೆ.

ಈ ನಡುವೆ ಜೆರುಸಲೇಮಿನಲ್ಲಿ ಯೆಶಾಯ ಪ್ರವಾದಿಯ ಹೆಸರಿನ ಅಧ್ಯಯನ ಮಂದಿರವನ್ನು ಅವರು ತೆರೆದಿದ್ದರು. ರೋಮಿನಲ್ಲಿ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ಕಾಲದಲ್ಲಿ, ಕಥೋಲಿಕ ಸಭೆಗೂ ಇತರ ಮತಗಳಿಗೂ ಇರಬೇಕಾದ ಸಂಬಂಧದ ಕುರಿತಾದ ಘೋಷಣೆಯ ಸಿದ್ಧತೆಯಲ್ಲಿ ಅವರೂ ಕೈಜೋಡಿಸಿದರು. ಕ್ರಿಸ್ತನ ಮರಣದ ಅಪರಾಧವನ್ನು ಎಲ್ಲ ಯೆಹೂದ್ಯರ ತಲೆಗೆ ಕಟ್ಟುವುದು ಸಲ್ಲದೆಂದು 1965ರ ಆ ಘೋಷಣೆ ಸಾರಿತು. ಇದೇ ಒಂದು ದೊಡ್ಡ ಕೆಲಸ. ಬೇರೊಬ್ಬರಾಗಿದ್ದರೆ ಅಷ್ಟಕ್ಕೆ ತೃಪ್ತರಾಗಿ ಪುಸ್ತಕಗಳ ನಡುವೆ ಉಳಿದ ಆಯುಸ್ಸನ್ನು ಕಳೆಯುತ್ತಿದ್ದರು. ವಯಸ್ಸೂ ಐವತ್ತು ದಾಟಿತ್ತು.

1967ರ ಜೂನಿನಲ್ಲಿ ಮತ್ತೊಂದು ಯುದ್ಧ ನಡೆದು ಆರು ದಿನಗಳಲ್ಲಿ ಮುಗಿಯಿತು. ಫಾದರ್ ಬ್ರೂನೊ ಅವರ ಮನಸ್ಸಿನಲ್ಲಿ ಹೊಸದೊಂದು ಯೋಚನೆ ಬೇರುಬಿಟ್ಟದ್ದು ಆ ವರ್ಷಗಳಲ್ಲಿ. ಶಾಂತಿಯ ವಿಷಯವಾಗಿ ಭಾಷಣ ಮಾಡುವವರಿಗೆ ಕೊರತೆಯಿರಲಿಲ್ಲ. ಎರಡು ಜನಾಂಗಗಳವರು ನಿಜವಾಗಿ ಒಂದು ಊರಿನಲ್ಲಿ ಮನೆ ಕಟ್ಟಿಕೊಂಡು, ಪ್ರತಿಯೊಬ್ಬರೂ ತಮ್ಮ ತಮ್ಮ ಮತ, ಭಾಷೆ, ಜನಾಂಗಗಳಲ್ಲಿ ಉಳಿದೇ ಸಮಾನರಾಗಿ ಬಾಳಲು ಸಾಧ್ಯವೇ? ಜಗತ್ತಿನಲ್ಲಿ ಯುದ್ಧವಿದ್ಯೆ ಕಲಿಸುವ ಮಿಲಿಟರಿ ಶಾಲೆಗಳಿವೆ. ಶಾಂತಿಯೂ ಒಂದು ವಿದ್ಯೆಯೇ ಆದುದರಿಂದ ಅದನ್ನು ಕಲಿಸಲು ಶಾಲೆ ಏಕಿರಬಾರದು? ಬೈಬಲಿನ ಯೆಶಾಯ ಪ್ರವಾದಿಯ ಗ್ರಂಥದ 32ನೆಯ ಅಧ್ಯಾಯದಲ್ಲಿ ಬರುವ ಮಾತಿನಿಂದ ಅವರು ಊರಿಗೆ ಹೆಸರನ್ನು ಆರಿಸಿಕೊಂಡರು. ಹೀಬ್ರೂ ಭಾಷೆಯಲ್ಲಿ ನೆವೆ ಶಾಲೋಮ್. ಅರಬ್ಬಿಯಲ್ಲಿ ವಾಹತ್ ಅಸ್ಸಲಾಮ್. ಶಾಂತಿಯ ಬೀಡು, ಶಾಂತಿಯ ಓಯಸಿಸ್ ಎಂದು ಅರ್ಥ. ಹೆಸರಾಯಿತು, ಊರಿಲ್ಲ, ಊರಿಗೆ ಜಾಗವೂ ಇಲ್ಲ.

ಜೆರುಸಲೇಮಿಗೂ ಟೆಲ್ ಅವೀವಿಗೂ ನಡುದಾರಿಯಲ್ಲಿ ಲತ್ರೂನ್ ಎಂಬ ಸ್ಥಳವಿದೆ. 1948ರಲ್ಲಿ ಇಸ್ರೇಲಿನ ಸೈನ್ಯಕ್ಕೂ ಜೋರ್ಡಾನಿನ ಸೈನ್ಯಕ್ಕೂ ಅಲ್ಲಿ ಘೋರ ಕಾಳಗಗಳು ನಡೆದಿದ್ದುವು. ಯುದ್ಧವಿರಾಮದ ಬಳಿಕ ಅಲ್ಲಿನ ಒಂದಷ್ಟು ನೆಲ ಯಾರಿಗೂ ಸೇರದ ನಡುಪಟ್ಟಿಯಾಗಿ ಹತ್ತೊಂಬತ್ತು ವರ್ಷ ಪಾಳುಬಿದ್ದಿತ್ತು. 1967ರಲ್ಲಿ ಹತ್ತಿರದ ಇಮ್ವಾಸ್, ಯಾಲೊ, ಬೈತ್ ನೂಬಾ ಎಂಬ ಮೂರು ಅರಬ್ ಹಳ್ಳಿಗಳನ್ನು ಇಸ್ರೇಲಿನ ಸೈನ್ಯ ನೆಲಸಮ ಮಾಡಿ ಜನರನ್ನು ಹೊರಗಟ್ಟಿತು. ಹೀಗೆ ಎರಡು ಕಡೆಯವರ ರಕ್ತ, ಕಣ್ಣೀರು ಬಿದ್ದ ನೆಲ ಅದು. ಅಲ್ಲಿ 1890ರಿಂದಲೂ ಟ್ರಾಪಿಸ್ಟ್ ಸನ್ಯಾಸಿಗಳ ಮಠವೊಂದಿದೆ. ಮೌನವ್ರತಕ್ಕೂ ದ್ರಾಕ್ಷಾರಸಕ್ಕೂ ಹೆಸರಾದವರು ಅವರು. ಆ ಮಠದವರು 1970ರ ಸುಮಾರಿಗೆ ತಮ್ಮ ಆಸ್ತಿಯಲ್ಲಿ ಸುಮಾರು ನೂರು ಎಕರೆಯನ್ನು ಫಾದರ್ ಬ್ರೂನೊ ಅವರಿಗೆ ದೀರ್ಘಾವಧಿಯ ಗೇಣಿಗೆ ಬಿಟ್ಟುಕೊಟ್ಟರು. ಗೇಣಿಯೋ ಹೆಸರಿಗೆ ಮಾತ್ರ, ವರ್ಷಕ್ಕೆ ಚಿಲ್ಲರೆ ಕಾಸು. ನಮ್ಮ ಕಡೆಯ ಹಿರಿಯರು ಇದನ್ನು ಮೂಲಗೇಣಿಯ ಲೆಕ್ಕಕ್ಕೇ ಸೇರಿಸಿಯಾರು.

ಜಾಗ ಸಿಕ್ಕಿತೆಂದು ಊರಾಗುವುದಿಲ್ಲವಷ್ಟೆ. ಆ ಗುಡ್ಡೆಯ ಮೇಲೆ ಕುಡಿಯುವ ನೀರಿರಲಿಲ್ಲ, ವಿದ್ಯುತ್ತಿರಲಿಲ್ಲ, ರಸ್ತೆಯಿರಲಿಲ್ಲ, ಒಂದು ಮರವಿರಲಿಲ್ಲ. ಎಲ್ಲಿ ನೋಡಿದರೂ ಕಲ್ಲು, ಮುಳ್ಳು. ಅರುವತ್ತು ಸಮೀಪಿಸಿದ್ದ ಫಾದರ್ ಬ್ರೂನೊ ಮತ್ತು ಅವರ ಜೊತೆಗೂಡಿ ದುಡಿದ ಆನ್ ಲ ಮೆನ್ಯಾನ್ ಎಂಬ ಫ್ರೆಂಚ್ ಮಹಿಳೆ ಬಿಸಿಲಿನಲ್ಲಿ, ಗಾಳಿಯಲ್ಲಿ ತಾತ್ಕಾಲಿಕ ಆಸರೆಗಳನ್ನು ಮಾಡಿಕೊಂಡು ಜನರಿಗಾಗಿ ಕಾದರು. ಬೇರೆ ಬೇರೆ ದೇಶಗಳ ಯುವಕರು ಬರುವರು, ಕೆಲವು ದಿನ ಇದ್ದು ಕಲ್ಲು ಹೆಕ್ಕುವರು, ಹೊರಟುಹೋಗುವರು. ಒಂದು ವರ್ಷ ಕಳೆಯಿತು, ಎರಡು ಕಳೆಯಿತು, ಐದು ಕಳೆಯಿತು. ಸ್ಥಿರವಾಗಿ ನೆಲೆಸಲು ಒಂದು ಸಂಸಾರವೂ ಬರಲಿಲ್ಲ. 1973ರಲ್ಲಿ ಇನ್ನೊಂದು ಯುದ್ಧ ಬಂದುಹೋಯಿತು. ಮನೆ ಮಠ ಇರುವವನು ಮಕ್ಕಳನ್ನು ಕಟ್ಟಿಕೊಂಡು ಇಂತಹ ಗುಡ್ಡೆಗೆ ಏಕೆ ಬಂದಾನು? ಅದೂ ಶತ್ರುವಿನ ಪಕ್ಕದ ಮನೆಗೆ? ಫಾದರ್ ಬ್ರೂನೊ ಅವರಲ್ಲಿ ನಾವು ಮೆಚ್ಚುವುದಾದರೆ ಈ ಕಾಯುವ ಶಕ್ತಿಯನ್ನು ಮೊದಲು ಮೆಚ್ಚಬೇಕು. ಅವರು ಯಾರ ಬಳಿಯೂ ಬಲವಂತ ಮಾಡಲಿಲ್ಲ, ಜಾಗ ಬಿಟ್ಟು ಹೋಗಲೂ ಇಲ್ಲ. ಫ್ರೆಂಚ್ ಭಾಷೆಯಲ್ಲಿ ಅವರು ಬರೆದ ಆತ್ಮಕಥೆಗೆ ಮೋಡ ಮೇಲೆದ್ದಾಗ ಎಂಬರ್ಥದ ಹೆಸರಿದೆ. ಮರುಭೂಮಿಯಲ್ಲಿ ಮೋಡ ಮೇಲೆದ್ದರೆ ನಡೆಯುವುದು, ಮೋಡ ನಿಂತರೆ ತಂಗುವುದು ಎಂದು ಬೈಬಲಿನ ಹಳೆಯ ಕಥೆ. ಅವರ ಬದುಕಿಗೆ ಅದು ಸರಿಯಾಗಿ ಹೊಂದುತ್ತದೆ.

1970ರ ದಶಕದ ಕೊನೆಯ ಭಾಗದಲ್ಲಿ ಕೆಲವೇ ಕೆಲವು ಕುಟುಂಬಗಳು ಬಂದು ನೆಲೆಸಿದುವು. ಬಂದವರು ಯೆಹೂದ್ಯರು, ಹಾಗೂ ಇಸ್ರೇಲಿನ ಪ್ರಜೆಗಳಾದ ಪ್ಯಾಲೆಸ್ಟೈನ್ ಅರಬರು. ಅರಬರಲ್ಲಿ ಮುಸಲ್ಮಾನರೂ ಇದ್ದರು, ಕ್ರೈಸ್ತರೂ ಇದ್ದರು. ಎರಡು ಕಡೆಯ ಕುಟುಂಬಗಳ ಸಂಖ್ಯೆ ಸಮನಾಗಿರಬೇಕು, ಊರಿನ ಆಡಳಿತ ಸಮನಾಗಿ ಹಂಚಿಹೋಗಬೇಕು ಎಂಬುದು ಊರಿನ ಕಟ್ಟಳೆಯಾಯಿತು.

ಇಲ್ಲಿ ಒಂದು ಸ್ವಾರಸ್ಯವಿದೆ. ಫಾದರ್ ಬ್ರೂನೊ ಕನಸು ಕಂಡದ್ದು ಬೇರೆ ಬೇರೆ ಮತಗಳ ಭಕ್ತರು ಕೂಡಿ ಬಾಳುವ ಊರನ್ನು. ಬಂದವರಲ್ಲಿ ಹೆಚ್ಚಿನವರಿಗೆ ದೇವರು, ಪೂಜೆ, ಪ್ರಾರ್ಥನೆಗಳಲ್ಲಿ ಅಷ್ಟು ಆಸಕ್ತಿಯೇ ಇರಲಿಲ್ಲ. ಅವರಿಗೆ ಬೇಕಾಗಿದ್ದುದು ಸಮಾನ ಹಕ್ಕು, ಸಮಾನ ಗೌರವ, ಮಕ್ಕಳಿಗೆ ಒಳ್ಳೆಯ ಶಾಲೆ. ಕಟ್ಟಿದವರ ಕಲ್ಪನೆ ಒಂದು, ಬಾಳುವವರ ಬಯಕೆ ಇನ್ನೊಂದು. ಇಂತಹ ಸಂದರ್ಭದಲ್ಲಿ ಎಷ್ಟೋ ಸ್ಥಾಪಕರು ಮುನಿಸಿಕೊಂಡು ಸಂಸ್ಥೆಯನ್ನೇ ಮುಚ್ಚಿಸಿದ್ದನ್ನು ನಾವು ಕಂಡಿದ್ದೇವೆ. ಫಾದರ್ ಬ್ರೂನೊ ಊರಿನ ನಿರ್ಧಾರವನ್ನು ಊರಿನವರಿಗೆ ಬಿಟ್ಟರು. ತಮ್ಮ ಮನಸ್ಸಿನ ಸಮಾಧಾನಕ್ಕೆಂದು ಒಂದು ಮೂಲೆಯಲ್ಲಿ ಬಿಳಿಯ ಗುಮ್ಮಟದಂತಹ ಮೌನಮಂದಿರವೊಂದನ್ನು ಕಟ್ಟಿಸಿದರು. ಅದಕ್ಕೆ ಹೀಬ್ರೂ ಭಾಷೆಯಲ್ಲಿ ದೂಮಿಯಾ, ಅಂದರೆ ಮೌನ ಎಂದು ಹೆಸರು. ಅಲ್ಲಿ ಶಿಲುಬೆಯಿಲ್ಲ, ಬೇರಾವ ಮತದ ಚಿಹ್ನೆಯೂ ಇಲ್ಲ. ಎಲ್ಲರಿಗೂ ಒಪ್ಪಿಗೆಯಾಗುವ ಪ್ರಾರ್ಥನೆಯ ಮಾತುಗಳು ಸಿಗದಿದ್ದರೆ ಮಾತಿಲ್ಲದೆಯೇ ಕೂಡಿ ಕುಳಿತುಕೊಳ್ಳಬಹುದಲ್ಲ ಎಂಬುದು ಅವರ ಯೋಚನೆ.

ಇನ್ನು ಶಾಲೆಯ ವಿಷಯ. ಇಸ್ರೇಲಿನಲ್ಲಿ ಯೆಹೂದ್ಯರ ಮಕ್ಕಳಿಗೆ ಹೀಬ್ರೂ ಮಾಧ್ಯಮದ ಶಾಲೆಗಳು, ಅರಬರ ಮಕ್ಕಳಿಗೆ ಅರಬ್ಬೀ ಮಾಧ್ಯಮದ ಶಾಲೆಗಳು ಎಂದು ಮೊದಲಿನಿಂದಲೂ ಬೇರೆ ಬೇರೆಯಾಗಿವೆ. ದೇಶದ ಪ್ರಜೆಗಳಲ್ಲಿ ಐದರಲ್ಲೊಂದು ಪಾಲು ಅರಬರು. ಹಾಗಿದ್ದೂ ಹನ್ನೆರಡು ವರ್ಷ ಶಾಲೆಗೆ ಹೋದ ಹುಡುಗನೊಬ್ಬ ಇನ್ನೊಂದು ಜನಾಂಗದ ಒಬ್ಬನೇ ಒಬ್ಬ ಸಹಪಾಠಿಯನ್ನೂ ಕಾಣದೆ ವಿದ್ಯಾಭ್ಯಾಸ ಮುಗಿಸುವುದುಂಟು. ತಮ್ಮ ಭಾಷೆಯ ಶಾಲೆ ಬೇಡವೆಂದು ಅರಬರು ಹೇಳುವವರಲ್ಲ. ಭಾಷೆ ಉಳಿಯಬೇಕಾದರೆ ಶಾಲೆ ಉಳಿಯಬೇಕೆಂಬುದನ್ನು ಅವರೂ ಬಲ್ಲರು, ಇಲ್ಲಿ ನಾವೂ ಬಲ್ಲೆವು. ಆದರೆ ಭಾಷೆಯ ಜೊತೆಗೆ ಬದುಕೂ ಬೇರೆಯಾದಾಗ ಪರಸ್ಪರ ಪರಿಚಯಕ್ಕೆ ಉಳಿಯುವುದು ವದಂತಿ, ಭಯ, ಪತ್ರಿಕೆಯ ಚಿತ್ರಗಳು. ಯೆಹೂದ್ಯ ಯುವಕ ಯುವತಿಯರು ಹದಿನೆಂಟು ತುಂಬಿದೊಡನೆ ಕಡ್ಡಾಯ ಸೈನ್ಯಸೇವೆಗೆ ಹೋಗಬೇಕು. ಬಹುಪಾಲು ಅರಬ್ ಯುವಕರಿಗೆ ಆ ಕಡ್ಡಾಯವಿಲ್ಲ. ಎಂದರೆ ಹಲವು ಯೆಹೂದ್ಯ ಯುವಕರು ಅರಬರನ್ನು ಮೊದಲ ಬಾರಿ ಹತ್ತಿರದಿಂದ ನೋಡುವುದು ಕೈಯಲ್ಲಿ ಬಂದೂಕು ಹಿಡಿದ ಮೇಲೆ.

ಅದಕ್ಕಿಂತ ಮೊದಲೇ ಅವರು ಒಮ್ಮೆ ಮುಖಾಮುಖಿಯಾಗಲಿ ಎಂಬ ಉದ್ದೇಶದಿಂದ 1979ರಲ್ಲಿ ಆ ಹಳ್ಳಿಯಲ್ಲಿ ಶಾಂತಿಶಾಲೆ ಆರಂಭವಾಯಿತು. ಹದಿನಾರು ಹದಿನೇಳರ ಪ್ರಾಯದ ಯೆಹೂದ್ಯ ಹಾಗೂ ಅರಬ್ ವಿದ್ಯಾರ್ಥಿಗಳನ್ನು ಸಮಸಂಖ್ಯೆಯಲ್ಲಿ ಬರಮಾಡಿಕೊಂಡು ಮೂರು ನಾಲ್ಕು ದಿನಗಳ ಶಿಬಿರ ನಡೆಸುವುದು ಅದರ ಕ್ರಮ. ಪ್ರತಿಯೊಂದು ಗುಂಪಿಗೂ ಇಬ್ಬರು ಮಾರ್ಗದರ್ಶಕರು. ಒಬ್ಬರು ಯೆಹೂದ್ಯರು, ಒಬ್ಬರು ಅರಬರು. ಮಾತು ಹೀಬ್ರೂವಿನಲ್ಲಿಯೂ ಆಗಬಹುದು, ಅರಬ್ಬಿಯಲ್ಲಿಯೂ ಆಗಬಹುದು. ನಡುನಡುವೆ ಎರಡು ಕಡೆಯವರು ಬೇರೆ ಬೇರೆಯಾಗಿ ಕುಳಿತು ತಮ್ಮತಮ್ಮಲ್ಲಿ ಮಾತಾಡಿಕೊಳ್ಳಲೂ ಅವಕಾಶವಿತ್ತು.

ಮೊದಲ ವರ್ಷಗಳಲ್ಲಿ ಶಿಬಿರ ನಡೆಸಿದವರ ನಂಬಿಕೆ ಸರಳವಾಗಿತ್ತು. ಜೊತೆಯಲ್ಲಿ ಉಂಡು, ಆಡಿ, ಹಾಡಿ, ಪರಿಚಯ ಮಾಡಿಕೊಂಡರೆ ಮಕ್ಕಳು ಗೆಳೆಯರಾಗುತ್ತಾರೆ, ಗೆಳೆಯರಾದರೆ ದ್ವೇಷ ಕರಗುತ್ತದೆ ಎಂದು. ಗೆಳೆತನವೇನೋ ಬೆಳೆಯಿತು. ಆದರೆ ಮಕ್ಕಳು ಮನೆಗೆ ಮರಳಿ, ಒಂದು ಬಾಂಬು ಸಿಡಿದ ಇಲ್ಲವೇ ಒಂದು ಗುಂಡು ಹಾರಿದ ಸುದ್ದಿ ಬಂದೊಡನೆ ಅದು ನಿಲ್ಲದೆಹೋಯಿತು. ನನ್ನ ಗೆಳೆಯ ಮಾತ್ರ ಒಳ್ಳೆಯವನು, ಉಳಿದವರೆಲ್ಲ ಹಾಗೆಯೇ ಎಂಬ ಭಾವನೆ ಬದಲಾಗಲಿಲ್ಲ. ಆದುದರಿಂದ ಅವರು ಕ್ರಮವನ್ನು ಬದಲಿಸಿದರು. ಕಹಿಯಾದ ವಿಷಯಗಳನ್ನು ಮುಚ್ಚಿಡದೆ ನೇರವಾಗಿ ನಡುಮನೆಗೆ ತಂದಿಟ್ಟರು. ಭೂಮಿ ಯಾರದು? 1948ರಲ್ಲಿ ಏನಾಯಿತು? ಈ ದೇಶದಲ್ಲಿ ಇಬ್ಬರೂ ನಿಜವಾಗಿ ಸಮಾನರೇ? ಎರಡು ಕಡೆಯ ವಿದ್ಯಾರ್ಥಿಗಳು ಪ್ರತಿನಿಧಿಗಳಾಗಿ ಎದುರುಬದುರು ಕುಳಿತು ದೇಶದ ಮುಂದಿನ ದಿನಗಳ ಕುರಿತು ಸಂಧಾನ ನಡೆಸುವ ಒಂದು ಅಭ್ಯಾಸವನ್ನೂ ಸೇರಿಸಿದರು. ಕೂಗಾಟವಾಗುತ್ತಿತ್ತು, ಅಳುವೂ ಬರುತ್ತಿತ್ತು. ನಗುನಗುತ್ತ ಬಂದವರು ಮುಖ ಊದಿಸಿಕೊಂಡು ಮನೆಗೆ ಹೋದದ್ದೂ ಉಂಟು. ಶಾಂತಿಶಾಲೆಯೆಂದರೆ ಇದೇಯೋ ಎಂದು ಕೇಳಿದವರೂ ಇದ್ದರು. ನಮಗಾದರೋ ಇದೇ ಸರಿಯೆಂದು ತೋರುತ್ತದೆ. ಗಾಯವನ್ನು ತೊಳೆಯುವಾಗ ಉರಿಯುವುದಿಲ್ಲವೆಂದು ಯಾವ ವೈದ್ಯನೂ ಹೇಳಲಾರ.

ಈ ಶಿಬಿರಗಳಲ್ಲಿ ಎಲ್ಲಕ್ಕಿಂತ ಬೇಗ ಬಯಲಾದದ್ದು ಭಾಷೆಯ ಸಮಸ್ಯೆ. ನಿಯಮದಲ್ಲಿ ಎರಡು ಭಾಷೆಗಳಿಗೂ ಸಮಾನ ಸ್ಥಾನ. ಆದರೆ ಅರಬ್ ವಿದ್ಯಾರ್ಥಿಗಳಿಗೆ ಹೀಬ್ರೂ ಬರುತ್ತದೆ. ಶಾಲೆಯಲ್ಲಿ ಅದು ಕಡ್ಡಾಯ, ಕಾಲೇಜಿಗೂ ಉದ್ಯೋಗಕ್ಕೂ ಆಸ್ಪತ್ರೆಗೂ ಅದೇ ಬೇಕು. ಯೆಹೂದ್ಯ ವಿದ್ಯಾರ್ಥಿಗಳಿಗೆ ಅರಬ್ಬೀ ಬರುವುದಿಲ್ಲ. ಆದ್ದರಿಂದ ಮಾತು ತನ್ನಿಂದ ತಾನೇ ಹೀಬ್ರೂವಿಗೆ ಜಾರುತ್ತದೆ. ಜಾರಿದೊಡನೆ ಒಬ್ಬನು ತಾಯಿನುಡಿಯಲ್ಲಿ ಸರಾಗವಾಗಿ ವಾದಿಸುತ್ತಾನೆ, ಇನ್ನೊಬ್ಬನು ಪದಗಳನ್ನು ಹುಡುಕುತ್ತ ತಡವರಿಸುತ್ತಾನೆ. ಅರಬ್ ಹುಡುಗನೊಬ್ಬ ಧೈರ್ಯಮಾಡಿ ಅರಬ್ಬಿಯಲ್ಲಿಯೇ ಮಾತಾಡಲು ನಿಂತರೆ, ತರ್ಜುಮೆಗಾಗಿ ಕಾಯಬೇಕಾದ ಸರದಿ ಇನ್ನೊಂದು ಪಕ್ಷದ್ದು; ಅವರ ಮುಖದಲ್ಲಿ ಅಸಹನೆ. ಒಂದೇ ಅಂಗಳದಲ್ಲಿ ಎರಡು ಮಾಧ್ಯಮಗಳ ತರಗತಿಗಳನ್ನು ನೋಡಿ ಬೆಳೆದ ನಮಗೆ, ಯಾವ ಭಾಷೆಯವನು ಯಾವ ಭಾಷೆಗೆ ತಿರುಗಿಕೊಳ್ಳಬೇಕಾಗುತ್ತದೆ ಎಂಬ ಈ ಪ್ರಶ್ನೆ ತೀರ ದೂರದ್ದೆಂದು ಅನಿಸುವುದಿಲ್ಲ.

ಊರಿನ ಮಕ್ಕಳು ಬೆಳೆಯುತ್ತಿದ್ದರು. 1984ರಲ್ಲಿ ಅಲ್ಲಿ ಪ್ರಾಥಮಿಕ ಶಾಲೆ ತೆರೆಯಿತು. ಯೆಹೂದ್ಯ ಹಾಗೂ ಅರಬ್ ಮಕ್ಕಳು ಎರಡು ಭಾಷೆಗಳಲ್ಲಿ ಕೂಡಿ ಕಲಿಯುವ ಮೊತ್ತಮೊದಲ ಶಾಲೆ ಅದು. ಯೆಹೂದ್ಯ ಅಧ್ಯಾಪಕರು ಹೀಬ್ರೂವಿನಲ್ಲಿ, ಅರಬ್ ಅಧ್ಯಾಪಕರು ಅರಬ್ಬಿಯಲ್ಲಿ ಮಾತಾಡುವುದು. ಮಗುವಿಗೆ ತಿಳಿಯದಿದ್ದರೆ ಪಕ್ಕದ ಮಗು ತಿಳಿಸುವುದು. ಆರಂಭದಲ್ಲಿ ಮಕ್ಕಳ ಸಂಖ್ಯೆ ತೀರ ಕಡಿಮೆ, ಸರಕಾರದ ಮನ್ನಣೆಯಿಲ್ಲ. ಹೊರಗಿನ ಸಹಾಯಧನದಿಂದಲೇ ನಡೆಯಬೇಕಾಗಿತ್ತು. 1990ರ ದಶಕದಲ್ಲಿ ನೆರೆಯೂರುಗಳ ಮಕ್ಕಳನ್ನೂ ಸೇರಿಸಿಕೊಳ್ಳತೊಡಗಿದರು. ಸರಕಾರದ ಮನ್ನಣೆ ದೊರೆತದ್ದೂ ಆ ದಶಕದಲ್ಲಿಯೇ.

ಹಬ್ಬಗಳು ಸುಲಭವಾಗಿದ್ದುವು. ಯೆಹೂದ್ಯರ ಪಾಸ್ಕ, ಮುಸಲ್ಮಾನರ ಈದ್, ಕ್ರೈಸ್ತರ ಕ್ರಿಸ್ಮಸ್ ಎಲ್ಲಕ್ಕೂ ಸಂಭ್ರಮ, ಎಲ್ಲಕ್ಕೂ ಸಿಹಿ. ಕಷ್ಟವಾದದ್ದು ಸ್ವಾತಂತ್ರ್ಯದಿನ. ದೇಶದ ಶಾಲೆಗಳಲ್ಲೆಲ್ಲ ಬಾವುಟ ಏರುವ ಆ ದಿನ, ಈ ತರಗತಿಯಲ್ಲಿ ಕುಳಿತ ಅರ್ಧದಷ್ಟು ಮಕ್ಕಳ ಅಜ್ಜ ಅಜ್ಜಿಯರಿಗೆ ಊರು ಕಳೆದುಕೊಂಡ ನೆನಪು. ಏನನ್ನು ಹೇಳಿಕೊಡುವುದು? ಏಳು ವರ್ಷದ ಮಗುವಿಗೆ ಎಷ್ಟು ಹೇಳುವುದು? ಅಧ್ಯಾಪಕರು ಆ ದಿನಕ್ಕಾಗಿ ಬೇರೆ ಬೇರೆ ಏರ್ಪಾಡುಗಳನ್ನು ಮಾಡಿ ನೋಡಿದರು. ಎರಡು ಕಡೆಯ ಮಕ್ಕಳು ಸ್ವಲ್ಪ ಹೊತ್ತು ಬೇರೆಯಾಗಿ ಕುಳಿತು ತಮ್ಮವರ ಕಥೆ ಕೇಳುವುದು, ಬಳಿಕ ಕೂಡಿ ಒಬ್ಬರ ಕಥೆಯನ್ನು ಇನ್ನೊಬ್ಬರು ಕೇಳುವುದು ಅವುಗಳಲ್ಲೊಂದು. ಯಾವ ಏರ್ಪಾಡಿನಿಂದಲೂ ಎಲ್ಲ ತಂದೆತಾಯಿಯರಿಗೆ ಸಮಾಧಾನವಾಗಲಿಲ್ಲ.

ಫಾದರ್ ಬ್ರೂನೊ ಸ್ವತಃ ಪಾಠ ಹೇಳಿದ ಅಧ್ಯಾಪಕರಲ್ಲ, ಶಿಬಿರ ನಡೆಸಿದವರೂ ಅಲ್ಲ. ಆ ಕೆಲಸಗಳನ್ನು ಮಾಡಿದವರು ಊರಿನ ತರುಣರು. ಅವರು ದೇಶದೇಶಗಳನ್ನು ಸುತ್ತಿ ಊರಿನ ಕಥೆ ಹೇಳಿದರು, ಸಹಾಯ ಬೇಡಿದರು, ಬಂದ ಅತಿಥಿಗಳಿಗೆ ಗುಡ್ಡೆ ತೋರಿಸಿದರು. ಒಮ್ಮೆ ಬೋಳಾಗಿದ್ದ ಜಾಗದಲ್ಲಿ ಓಲಿವ್, ಬಾದಾಮಿ ಗಿಡಗಳು ಮೇಲೆದ್ದುದನ್ನು ನೋಡುವ ಭಾಗ್ಯ ಅವರಿಗೆ ದೊರೆಯಿತು. 1996ರ ಫೆಬ್ರವರಿಯಲ್ಲಿ, 84ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅವರು ಬಯಸಿದ್ದ ಮತಗಳ ನಡುವಣ ಸಂವಾದಕ್ಕೆ ಇಂದು ಆ ಊರಿನಲ್ಲಿ ಅವರದೇ ಹೆಸರಿನ ಕೇಂದ್ರವೊಂದಿದೆ.

ಅವರು ಹೋದ ಮರುವರ್ಷವೇ ಊರಿಗೆ ಕಠಿಣ ಪರೀಕ್ಷೆಯೊಂದು ಬಂತು. 1997ರ ಫೆಬ್ರವರಿಯಲ್ಲಿ ಇಸ್ರೇಲಿನ ಎರಡು ಸೇನಾ ಹೆಲಿಕಾಪ್ಟರುಗಳು ಆಕಾಶದಲ್ಲಿ ಡಿಕ್ಕಿಯಾಗಿ 73 ಸೈನಿಕರು ಸತ್ತರು. ಅವರು ಲೆಬನಾನಿನೊಳಗಣ ಸೇನಾನೆಲೆಗಳಿಗೆ ಹೊರಟಿದ್ದವರು. ಸತ್ತವರಲ್ಲಿ ಒಬ್ಬನು ಈ ಊರಿನ ಹುಡುಗ. ಅರಬ್ ಮಕ್ಕಳ ಜೊತೆಯಲ್ಲಿ ಆಡಿ ಬೆಳೆದವನು. ಊರಿಗೆ ಊರೇ ಅತ್ತಿತು. ಆದರೆ ಅವನ ನೆನಪಿಗೆ ಆಟದ ಬಯಲಿನಲ್ಲಿ ಫಲಕವೊಂದನ್ನು ಇಡುವ ಮಾತು ಬಂದಾಗ ಊರು ಇಬ್ಭಾಗವಾಯಿತು. ನಮ್ಮ ಮಗುವನ್ನು ನೆನೆಯಲೂ ಬಾರದೇ ಎಂದು ಯೆಹೂದ್ಯರು. ಮಗುವನ್ನು ನೆನೆಯೋಣ, ಸೈನಿಕನನ್ನು ನೆನೆಯುವುದು ಹೇಗೆ ಎಂದು ಅರಬರು. ಹುಡುಗ ಒಬ್ಬನೇ; ಎರಡಾಗಿ ಸೀಳಲು ಬರುವಂತಿಲ್ಲ. ಆ ಜಗಳ ಬಹುಕಾಲ ನಡೆಯಿತು, ಮನಸ್ಸುಗಳು ಮುರಿದುವು. ಇದನ್ನು ನಾವು ಬಿಟ್ಟು ಬರೆಯಬಹುದಿತ್ತು. ಹಾಗೆ ಮಾಡಿದರೆ ಆ ಊರು ಸ್ವರ್ಗವೆಂದು ನೀವು ತಪ್ಪು ತಿಳಿದೀರಿ. ಜಗಳವಾಡಿದವರಲ್ಲಿ ಹೆಚ್ಚಿನವರು ಮರುದಿನವೂ ಮಕ್ಕಳನ್ನು ಅದೇ ಶಾಲೆಗೆ ಕಳುಹಿಸಿದರೆಂಬುದನ್ನೂ ಜೊತೆಯಲ್ಲಿಯೇ ತಿಳಿಯಿರಿ.

1998ರಿಂದೀಚೆಗೆ ಇಸ್ರೇಲಿನ ಬೇರೆ ಕೆಲವು ಊರುಗಳಲ್ಲಿಯೂ ಇದೇ ಬಗೆಯ ದ್ವಿಭಾಷಾ ಶಾಲೆಗಳು ಬಂದಿವೆ. ಅವು ಇಂದಿಗೂ ಕೈಬೆರಳೆಣಿಕೆಯವು. ಅವುಗಳ ಮೇಲೆ ಕಣ್ಣಿಟ್ಟವರೂ ಇದ್ದಾರೆ. 2014ರ ನವೆಂಬರಿನಲ್ಲಿ ಜೆರುಸಲೇಮಿನ ಇಂತಹ ಶಾಲೆಯೊಂದರ ತರಗತಿಗೆ ಯೆಹೂದ್ಯ ತೀವ್ರವಾದಿಗಳು ಬೆಂಕಿಯಿಟ್ಟರು. 2020ರ ಸೆಪ್ಟೆಂಬರಿನಲ್ಲಿ ಫಾದರ್ ಬ್ರೂನೊ ಅವರ ಊರಿನಲ್ಲಿಯೇ ಶಾಂತಿಶಾಲೆಯ ಕಟ್ಟಡ ಬೆಂಕಿಗೆ ತುತ್ತಾಯಿತು. ಹತ್ತಾರು ಸಾವಿರ ಯುವಕ ಯುವತಿಯರು ಅಷ್ಟು ಹೊತ್ತಿಗೆ ಆ ಶಾಂತಿಶಾಲೆಯ ಶಿಬಿರಗಳಲ್ಲಿ ಕುಳಿತು ಎದ್ದು ಹೋಗಿದ್ದರು. 2018ರಲ್ಲಿ ಇಸ್ರೇಲ್ ಮಾಡಿದ ಒಂದು ಮೂಲಭೂತ ಕಾನೂನು, ಅದುವರೆಗೆ ಹೀಬ್ರೂವಿನ ಜೊತೆಗೆ ರಾಷ್ಟ್ರದ ಅಧಿಕೃತ ಭಾಷೆಯಾಗಿದ್ದ ಅರಬ್ಬಿಯನ್ನು ಆ ಸ್ಥಾನದಿಂದ ಇಳಿಸಿ, ವಿಶೇಷ ಸ್ಥಾನವೆಂಬ ಬೇರೊಂದು ಹೆಸರನ್ನು ಕೊಟ್ಟಿತು. 2023ರ ಅಕ್ಟೋಬರಿನಲ್ಲಿ ಹಮಾಸ್ ನಡೆಸಿದ ಹತ್ಯಾಕಾಂಡ, ಆ ಬಳಿಕ ಗಾಜಾದ ಮೇಲೆ ನಡೆದ ಯುದ್ಧ, ಅದರಲ್ಲಿ ಸತ್ತ ಮಕ್ಕಳ ಲೆಕ್ಕ ನೀವೂ ಪತ್ರಿಕೆಗಳಲ್ಲಿ ಓದಿದ್ದೀರಿ.

ಗುಡ್ಡೆಯ ಮೇಲಿನ ಪ್ರಾಥಮಿಕ ಶಾಲೆಗೆ ಈಗ ಹೆಚ್ಚಿನ ಮಕ್ಕಳು ಬರುವುದು ಹೊರಗಿನಿಂದ. ರಾಮ್ಲೆ, ಲೋದ್, ಅಬು ಘೋಷ್ ಮೊದಲಾದ ಊರುಗಳಿಂದಲೂ ಯೆಹೂದ್ಯರ ಹಳ್ಳಿಗಳಿಂದಲೂ ಬಸ್ಸುಗಳು ಅವರನ್ನು ಹತ್ತಿಸಿಕೊಂಡು ತರುತ್ತವೆ. ಅರಬ್ ಮಕ್ಕಳು ಬೇಗನೆ ಹೀಬ್ರೂ ಕಲಿಯುತ್ತಾರೆ. ಯೆಹೂದ್ಯ ಮಕ್ಕಳ ಅರಬ್ಬೀ ಇನ್ನೂ ಹಿಂದೆಯೇ. ಅದನ್ನು ಸರಿಪಡಿಸಲು ಏನು ಮಾಡಬೇಕೆಂದು ಅಲ್ಲಿನ ಅಧ್ಯಾಪಕರು 1984ರಿಂದ ತಲೆಕೆಡಿಸಿಕೊಳ್ಳುತ್ತಲೇ ಇದ್ದಾರೆ.